ಷರಾ ಕಾಲಮ್ಮಿನ ಹವಾ

ಈ ಜನವರಿಯಲ್ಲಿ ಅಕ್ಕನ ಜೊತೆ ಹೈದರಾಬಾದಿನ ನಾಂಪಲ್ಲಿಯಲ್ಲಿ ನಡೆಯುವ ನುಮಾಯಿಷ್ ವಸ್ತುಪ್ರದರ್ಶನಕ್ಕೆ ಹೋಗಿದ್ದೆ. ಪ್ರತಿ ವರ್ಷ ಹೋಗುತ್ತೇವೆ, ಪ್ರತಿ ವರ್ಷ ಏನೂ ಕೊಳ್ಳುವುದಿಲ್ಲ ಎಂದು ಆಣೆ ಮಾಡಿ ಎರಡು ಚೀಲ ತುಂಬಿಕೊಂಡು ಬರುತ್ತೇವೆ. ರೆಕ್ಸಿನ್ ಚೀಲ ಮಾರುವ ಅಂಗಡಿಯೊಂದರಲ್ಲಿ ಅಕ್ಕ ಚೌಕಾಸಿಗೆ ನಿಂತಿದ್ದಳು. ಅಂಗಡಿಯವನು ಹೊಸ ಮೂಟೆಯೊಂದರ ಬಾಯಿ ಬಿಚ್ಚಿದ. ಒಳಗಿನಿಂದ ಒಂದು ವಾಸನೆ ಎದ್ದಿತು. ಮೊದಲು ಕೊಳೆತ ಬಾಳೆಹಣ್ಣಿನ ಸಿಹಿ, ಅದರ ಬೆನ್ನಿಗೇ ಸುಟ್ಟ ರಬ್ಬರಿನ ಕಮಟು. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

"ಏನಾತ? ಮಾರಿ ಯಾಕ ಹಿಂಗ ಬಿಳಚಿಗೊಂಡದ?" ಎಂದಳು ಅಕ್ಕ.

"ಏನಿಲ್ಲ. ಹವಾ ಸರಿ ಇಲ್ಲ ಇಲ್ಲೆ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಏಳು ವರ್ಷದಿಂದ ಆ ಪದವನ್ನು ನಾನು ಬಾಯಿಗೆ ತಂದಿರಲಿಲ್ಲ. ಗಾಳಿ ಎನ್ನುತ್ತಿದ್ದೆ, ವೆದರ್ ಎನ್ನುತ್ತಿದ್ದೆ. ಮನೆಯಲ್ಲಿ ಯಾರಾದರೂ ಹವಾ ಎಂದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಏಳು ವರ್ಷದ ಹಿಂದಿನ ಮಳೆಗಾಲದ ಮಾತು ಅದು. ನಾನು ನಾಂಪಲ್ಲಿಯ ಹತ್ತಿರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಈಗಲೂ ಕಲಿಸುತ್ತೇನೆ, ಆದರೆ ಆಗಿನ ಹುರುಪು ಬೇರೆ. ನಮ್ಮಜ್ಜ ಕಲಬುರಗಿ ಕಡೆಯಿಂದ ಇಲ್ಲಿಗೆ ಸರ್ಕಾರಿ ಕಚೇರಿಯ ಕಾರಕೂನನಾಗಿ ಬಂದವರು. ಅಂದಿನಿಂದ ನಮ್ಮದು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ, ತೆಲುಗು. ಲೆಕ್ಕ ಮಾತ್ರ ನನಗೆ ಎಲ್ಲ ಭಾಷೆಯಲ್ಲೂ ಒಂದೇ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬಕ್ಕೆ ಸರಿಯಾದ ಪೆಟ್ಟು ಬಿತ್ತು, ಹೇಳುತ್ತೇನೆ.

ಜುಲೈನ ಒಂದು ಮಧ್ಯಾಹ್ನ ವಿಶ್ವವಿದ್ಯಾಲಯದ ಕ್ರೀಡಾ ಸಮಿತಿಯ ಕಾರ್ಯದರ್ಶಿ ಸುಧಾಕರ್ ಸರ್ ನನ್ನ ಕೋಣೆಗೆ ಬಂದರು. ಮನೆಮಾತು ತೆಲುಗು, ಜಗಳ ಮಾತ್ರ ಇಲ್ಲಿನ ದಖ್ಖನಿ ಹಿಂದಿಯಲ್ಲಿ. ಮಹಿಳಾ ಕಾಲೇಜು ತಂಡಗಳ ಫುಟ್‌ಬಾಲ್ ಮೂರು ವಲಯಗಳಲ್ಲಿ ನಡೆಯುತ್ತಿತ್ತು: ನಗರದ್ದು, ಸಿಕಂದರಾಬಾದಿನದು, ಊರಾಚೆ ಕಾರ್ಖಾನೆಗಳಿರುವ ಪಟಾನ್‌ಚೆರು ಕಡೆಯದು. ಪ್ರತಿ ವರ್ಷ ವಿಶ್ವವಿದ್ಯಾಲಯದ ತಂಡ ಆರಿಸುವಾಗ ಮೂರೂ ವಲಯದವರು ಅಂಗಿ ಹಿಡಿದು ಕಿತ್ತಾಡುತ್ತಿದ್ದರು.

"ಮೇಡಂ, ಹರ್ ಸಾಲ್ ಯಹೀಚ್ ಝಗಡಾ," ಎಂದರು. "ನಂಬರ್ ಕೊಟ್ಟುಬಿಡಿ. ನಂಬರಿನ ಮುಂದೆ ಯಾರೂ ಕೂಗೋದಿಲ್ಲ."

"ನಂಬರ್ ಕೊಡ್ತೀನಿ ಸರ್. ಆದರೆ ಸ್ಯಾಂಪಲ್ ಸಣ್ಣದಿದ್ದರೆ ನಂಬಬೇಡಿ. ನಾಲ್ಕು ಪಂದ್ಯ ನೋಡಿ ಷರಾ ಬರೆಯೋದು ಜ್ಯೋತಿಷ್ಯ, ಲೆಕ್ಕ ಅಲ್ಲ," ಎಂದೆ. ಅವರು ನಕ್ಕು, ಆ ಮಾತನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು. ಬರೆದುಕೊಂಡಿದ್ದನ್ನು ನಾನು ಕಣ್ಣಾರೆ ಕಂಡೆ.

ಕೆಲಸ ಸುಲಭದ್ದಲ್ಲ. ಒಂದು ವಲಯದ ತಂಡಗಳು ಹೆಚ್ಚಾಗಿ ತಮ್ಮತಮ್ಮಲ್ಲೇ ಆಡುತ್ತವೆ. ನಗರದ ತಂಡವೊಂದು ಗೋಲಿನ ಮೇಲೆ ಗೋಲು ಹೊಡೆದರೆ ಅದು ಹೊಡೆದವರ ಗಟ್ಟಿತನವೋ ಹೊಡೆಸಿಕೊಂಡವರ ದೌರ್ಬಲ್ಯವೋ, ಹೇಗೆ ತಿಳಿಯಬೇಕು? ಅಲ್ಲೊಂದು ಇಲ್ಲೊಂದು ಪಂದ್ಯ ವಲಯ ದಾಟಿ ನಡೆಯುತ್ತದೆ, ಅವೇ ನಮಗೆ ಆಧಾರ. ನಮ್ಮ ಕಡೆ ಗಂಡು ಹೆಣ್ಣಿನ ಸಂಬಂಧ ನೋಡುವಾಗ ಗೊತ್ತಿಲ್ಲದ ಮನೆತನವನ್ನು ಗೊತ್ತಿರುವ ಮನೆತನದ ಮೂಲಕ ಅಳೆಯುತ್ತಾರಲ್ಲ, ಹಾಗೆ. ಇವರು ಅವರನ್ನು ಸೋಲಿಸಿದ್ದಾರೆ, ಅವರು ಇನ್ನೊಬ್ಬರನ್ನು, ಆ ಇನ್ನೊಬ್ಬರು ನಮಗೆ ಗೊತ್ತು. ಅದರ ಮೇಲೆ ಇನ್ನೊಂದು ಲೆಕ್ಕ: ಸ್ವಂತ ಮೈದಾನದಲ್ಲಿ ಆಡುವ ತಂಡಕ್ಕೆ ಸಿಗುವ ಲಾಭವನ್ನು ಅಳೆದು ಕಳೆಯಬೇಕು. ತವರಿನಲ್ಲಿ ಎಲ್ಲರೂ ಹುಲಿಗಳೇ.

ಒಂದೊಂದು ಮೈದಾನ ನೋಡಿಕೊಂಡು ಬರುತ್ತೇನೆ ಎಂದು ಹೊರಟೆ. ಪಟಾನ್‌ಚೆರು ಕಡೆಯ ಕಾಲೇಜಿಗೆ ಹೋದದ್ದು ಒಂದು ಬೆಳಗ್ಗೆ. ಪಡುವಣ ಗಾಳಿ ಜೋರಾಗಿ ಬೀಸುತ್ತಿತ್ತು. ಮೈದಾನದ ಮೂಡಣ ಬದಿಗೆ ಎತ್ತರದ ಗೋಡೆ, ಗೋಡೆಯಾಚೆ ಕಾರ್ಖಾನೆಯ ಕೊಳವೆಗಳು. ಗೋಡೆಯ ಈಚೆ, ಅದಕ್ಕೆ ಒರಗಿದಂತೆ ಒಂದು ತಗಡಿನ ಮನೆ. ಅಲ್ಲಿ ಶರಣಪ್ಪ ಇದ್ದ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು ಅವನೇ, ಪಂದ್ಯದ ರಿಜಿಸ್ಟರ್ ಬರೆಯುವವನೂ ಅವನೇ. ನನ್ನ ಮಾತಿನ ಧಾಟಿ ಕೇಳಿದ್ದೇ ತಡ, ಮುಖ ಅರಳಿತು.

"ಕನ್ನಡದೋರೇನ್ರೀ! ಬರ್ರಿ ಬಾಯಾರ, ಬರ್ರಿ. ನಾವು ಯಾದಗಿರಿ ಕಡೀಯವ್ರಿ. ಈ ಕಾಲೇಜಿನ ಬುನಾದಿ ತೋಡಾಕ ಬಂದಾಂವ, ಇಲ್ಲೇ ಬುನಾದಿ ಹಾಕ್ಕೊಂಡು ಕುಂತೆ."

ಇಡೀ ಹೈದರಾಬಾದಿಗೆ ಮೇಡಂ ಆಗಿದ್ದ ನನ್ನನ್ನು ಅವನೊಬ್ಬ ಬಾಯಾರ ಎಂದ. ಅಜ್ಜಿಯ ಊರಿನಲ್ಲಿ ಕನ್ನಡ ಶಾಲೆಯ ಟೀಚರನ್ನು ಹಾಗೆ ಕರೆಯುತ್ತಿದ್ದರು. ನನಗೆ ಅಲ್ಲೇ ಅರ್ಧ ಜೀವ ಕರಗಿತು.

ಮಗಳು ರೇಣುಕಾ ಒಳಗಿಂದ ಚಹಾ ತಂದಳು. ಅದೇ ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷ, ತಂಡದ ಕ್ಯಾಪ್ಟನ್, ಆಡುವುದು ಸ್ಟಾಪರ್ ಜಾಗದಲ್ಲಿ. ಗೋಲ್‌ಕೀಪರಿನ ಮುಂದೆ ಗೋಡೆಯಂತೆ ನಿಲ್ಲುವ ಕೆಲಸ ಅದು. ಉದ್ದ ಕಾಲು, ಸಣ್ಣ ಬಾಯಿ, ದೊಡ್ಡ ಮಾತು.

"ಅಪ್ಪನ ರಿಜಿಸ್ಟರ್ ನಂಬಬ್ಯಾಡ್ರಿ ಮೇಡಂ," ಎಂದಳು. "ನಾವು ಎರಡು ಹೊಡದ್ರ ಮೂರು ಬರೀತಾನ."

"ಸುಳ್ರೀ ಬಾಯಾರ! ನಾ ಕಣ್ಣಿಲೆ ಕಂಡಿದ್ದಷ್ಟ ಬರಿಯಾಂವ. ಶಿವನಾಣೆ."

ಅವಳು ನಗುತ್ತ ನಗುತ್ತ ಕೆಮ್ಮಿದಳು. ಕೆಮ್ಮು ನಗುವಿಗಿಂತ ಜಾಸ್ತಿ ಹೊತ್ತು ಇತ್ತು. ಧೂಳು ಎಂದರು, ನಾನೂ ಧೂಳೇ ಇರಬೇಕು ಎಂದುಕೊಂಡೆ. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದರೆ ಸರ್ಟಿಫಿಕೇಟು, ಸರ್ಟಿಫಿಕೇಟು ಇದ್ದರೆ ಪೊಲೀಸ್ ಕೆಲಸಕ್ಕೆ ಸ್ಪೋರ್ಟ್ಸ್ ಕೋಟಾ. ಕೆಲಸ ಸಿಕ್ಕರೆ ಕ್ವಾರ್ಟರ್ಸ್, ಆಗ ಅಪ್ಪನನ್ನು ಈ ಗೋಡೆಯ ಪಕ್ಕದಿಂದ ಕರೆದೊಯ್ಯುವುದು. ಇಷ್ಟನ್ನೂ ರೇಣುಕಾ ಒಂದೇ ಉಸಿರಿನಲ್ಲಿ ಹೇಳಿದಳು. ಆಗಿನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು.

ಹೊರಡುವಾಗ ಶರಣಪ್ಪ ಕೇಳಿದ: "ಹವಾ ಹೆಂಗೈತ್ರಿ ನಮ್ಮ ಕಡೀದು?"

"ಛಲೋ ಅದ. ತಂಪು ಅದ," ಎಂದೆ.

ಅಪ್ಪ, ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇವತ್ತ ಛಲೋ ಐತ್ರಿ," ಎಂದಳು ರೇಣುಕಾ. ಆ 'ಇವತ್ತ' ಎಂಬುದು ನನ್ನ ಕಿವಿಯ ಪಕ್ಕದಿಂದ ಹಾದುಹೋಯಿತು.

ಆಗಸ್ಟಿನ ಕೊನೆಗೆ ರಿಜಿಸ್ಟರುಗಳು ಬಂದವು. ಉಳಿದವು ಇಂಗ್ಲಿಷು, ತೆಲುಗು. ಶರಣಪ್ಪನದು ಕನ್ನಡ, ಪೆನ್ಸಿಲಿನ ಸೊಟ್ಟ ಅಕ್ಷರ. ತಾರೀಖು, ತಂಡಗಳು, ಹಾಫ್‌ಟೈಮಿಗೆ ಎಷ್ಟು, ಕೊನೆಗೆ ಎಷ್ಟು, ಕಟ್ಟಕಡೆಗೆ ಷರಾ. ಷರಾ ಕಾಲಮ್ಮು ಎಲ್ಲರೂ ಖಾಲಿ ಬಿಡುವ ಜಾಗ, ನಮ್ಮಜ್ಜನಂಥ ಕಾರಕೂನರು ಮಾತ್ರ ತುಂಬುವುದು. ಶರಣಪ್ಪ ತುಂಬಿದ್ದ. ಆರು ಪಂದ್ಯಗಳ ಮುಂದೆ ಒಂದೇ ಪದ: ಹವಾ. ಒಂದು ಕಡೆ, ಹವಾ ಭಾಳ.

ಲೆಕ್ಕ ಹಾಕಿದೆ. ಮೈ ಜುಮ್ಮೆಂದಿತು. ಆ ಆರು ಪಂದ್ಯಗಳಲ್ಲಿ ಹೊರಗಿನಿಂದ ಬಂದ ತಂಡಗಳು ಮೊದಲರ್ಧದಲ್ಲಿ ಸರಿಸಮ ಆಡಿ ದ್ವಿತೀಯಾರ್ಧದಲ್ಲಿ ಕುಸಿದಿದ್ದವು. ಷರಾ ಖಾಲಿ ಇದ್ದ ಪಂದ್ಯಗಳಲ್ಲಿ ಹಾಗಿಲ್ಲ. ನನ್ನ ಮನಸ್ಸಿಗೆ ಥಟ್ಟನೆ ಹೊಳೆಯಿತು. ನಮ್ಮ ಕಾಲೇಜಿನ ಹುಡುಗಿಯರು ದಿನಬೆಳಗಾದರೆ ಅನ್ನುತ್ತಾರಲ್ಲ, ಉಸ್ಕಾ ಹವಾ ಹೈ, ನಂದೇ ಹವಾ! ಗದ್ದಲ, ಸೀಟಿ, ತಗಡು ಬಡಿಯುವುದು. ಮನೆಯ ತಂಡದ ಹವಾ ಎದ್ದ ದಿನ ಬಂದವರು ಹೆದರಿ ಸೋತಿದ್ದಾರೆ. ಶರಣಪ್ಪ, ಭಲೇ! ಎಂದು ನಾನೊಬ್ಬಳೇ ನಕ್ಕೆ. ಪ್ರೇಕ್ಷಕರ ಗದ್ದಲವನ್ನು ಅಳೆಯಲಾಗದೆ ದೊಡ್ಡದೊಡ್ಡವರು ಒದ್ದಾಡುತ್ತಾರೆ, ಈ ಮನುಷ್ಯ ಒಂದು ಪದದಲ್ಲಿ ದಾಖಲು ಮಾಡಿಟ್ಟಿದ್ದಾನೆ! ಕಂಪ್ಯೂಟರಿನಲ್ಲಿ ಹೊಸ ಕಾಲಮ್ಮು ಮಾಡಿ 'ಹವಾ' ಎಂದು ಹೆಸರಿಟ್ಟೆ. ಬರೆದ ಕಡೆ ಒಂದು, ಬರೆಯದ ಕಡೆ ಸೊನ್ನೆ.

ಒಂದೇ ಒಂದು ಸಂಗತಿ ನನ್ನ ಲೆಕ್ಕಕ್ಕೆ ಒಗ್ಗಲಿಲ್ಲ. ರೇಣುಕಾಳ ತಂಡ ಬೇರೆಯವರ ಮೈದಾನಕ್ಕೆ ಹೋದಾಗಲೂ ಕಡೆಯ ಇಪ್ಪತ್ತು ನಿಮಿಷ ಕುಸಿಯುತ್ತಿತ್ತು. ಗದ್ದಲದಿಂದ ಇದನ್ನು ವಿವರಿಸಲು ಆಗುವುದಿಲ್ಲ. ಹೀಗೆ ವಿವರಣೆಗೆ ಸಿಗದೆ ಮಿಕ್ಕಿದ್ದಕ್ಕೆ ನಮ್ಮ ಶಾಸ್ತ್ರದಲ್ಲಿ ಶೇಷ ಎಂಬ ಡಬ್ಬಿ ಇದೆ. ಅದರೊಳಗೆ ಹಾಕಿ ಮುಚ್ಚಳ ಮುಚ್ಚಿದೆ.

ಸೆಪ್ಟೆಂಬರಿನ ಮೊದಲ ವಾರ ಶರಣಪ್ಪನ ಫೋನು ಬಂತು.

"ಬಾಯಾರ, ಹವಾದ್ದು ಲೆಕ್ಕಕ್ಕ ತಗೊಂಡ್ರೇನ್ರಿ?"

"ಪೂರ್ತಿ ತಗೊಂಡೀನಿ ಶರಣಪ್ಪ! ಅದರ ಮ್ಯಾಲೇ ನಿಂತದ ನನ್ನ ರಿಪೋರ್ಟು."

ಅವನು ಒಡೆದ ದನಿಯಲ್ಲಿ ಹೇಳಿದ: "ನಿಮ್ಮ ಪುಣ್ಯ ದೊಡ್ಡದ್ರಿ. ಎಷ್ಟ ಮಂದಿಗೆ ಹೇಳೀನಿ, ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ. ಕಲಿತೋರು ಬರದ್ರ ಕೇಳ್ತಾರ."

ಗೋಲಿನ ಲೆಕ್ಕಕ್ಕೆ ಈ ಮನುಷ್ಯ ಇಷ್ಟೊಂದು ಅಳುವುದೇ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಬಾಯಿಬಿಟ್ಟು ಕೇಳಿದ್ದರೆ! ಒಂದು ಪದ, ಒಂದೇ ಒಂದು ಪ್ರಶ್ನೆ. ತರಗತಿಯಲ್ಲಿ ಹುಡುಗಿಯರಿಗೆ ದಿನಾ ಬಡಿದುಕೊಳ್ಳುತ್ತೇನೆ, ಅಂಕಿ ಬರೆದವರನ್ನು ಮೊದಲು ಮಾತಾಡಿಸಿ ಎಂದು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ.

ರಿಪೋರ್ಟಿನ ಕೊನೆಯಲ್ಲಿ ನಾನು ಬರೆದ ಸಾಲು ನನಗೆ ಈಗಲೂ ಬಾಯಿಪಾಠ: 'ಈ ಮೈದಾನದಲ್ಲಿ ದ್ವಿತೀಯಾರ್ಧ ತಡೆದು ನಿಂತ ತಂಡವೇ ನಿಜವಾಗಿ ಗಟ್ಟಿ. ಮೂರು ವಲಯಗಳನ್ನು ಹೋಲಿಸಲು ಇದಕ್ಕಿಂತ ಕಠಿಣ ಒರೆಗಲ್ಲು ಇಲ್ಲ.' ಸುಧಾಕರ್ ಸರ್ ಓದಿ ಮೇಜು ಗುದ್ದಿದರು. ಹಾಗಾದರೆ ಮೂರೂ ವಲಯದ ಗೆದ್ದ ತಂಡಗಳ ಪಂದ್ಯ ಅಲ್ಲೇ ಆಗಲಿ, ಅಲ್ಲಿ ಆಡಿದ್ದನ್ನು ನೋಡಿಯೇ ತಂಡ ಆರಿಸೋಣ ಎಂದರು. ಸಮಿತಿ ಒಪ್ಪಿತು. ನನ್ನ ಅಂಕಿಗೆ ಅಂಥ ಮರ್ಯಾದೆ ಅದುವರೆಗೆ ಸಿಕ್ಕಿರಲಿಲ್ಲ, ಖುಷಿಯಿಂದ ಮನೆಗೆ ಮೈಸೂರ್‌ಪಾಕ್ ಒಯ್ದೆ.

ಪಂದ್ಯದ ದಿನ ಮಧ್ಯಾಹ್ನ ಮೋಡ ಕವಿದಿತ್ತು, ಮಳೆ ಇಲ್ಲ. ಎಲೆ ಅಲ್ಲಾಡುತ್ತಿರಲಿಲ್ಲ. ನಗರದ ತಂಡದ ಜೊತೆ ನಾನಿದ್ದ ಬಸ್ಸು ಪಟಾನ್‌ಚೆರು ದಾಟಿ ತಿರುಗಿದ ಕೂಡಲೇ ವಾಸನೆ ಒಳಗೆ ಬಂತು. ಯಾರೋ ಕಿಟಕಿ ಮುಚ್ಚಿದರು. ಕೊಳೆತ ಬಾಳೆಹಣ್ಣು ಇಟ್ಟುಕೊಂಡವರು ಯಾರು ಎಂದು ಹುಡುಗಿಯರು ಒಬ್ಬರನ್ನೊಬ್ಬರು ರೇಗಿಸಿದರು. ಮೈದಾನಕ್ಕೆ ಇಳಿದಾಗ ರೇಗಿಸುವುದು ನಿಂತಿತ್ತು. ಕಣ್ಣು ಉರಿಯುತ್ತಿತ್ತು. ಗೋಡೆಯಾಚೆಯ ಕೊಳವೆಯಿಂದ ಬಂದದ್ದು ಮೇಲೇರದೆ ಕೆಳಗೇ ಹಾಸಿಕೊಂಡು ಕೂತಿತ್ತು. ಗದ್ದಲ ಮಾಡುವ ಜನ ಎಲ್ಲಿ ಎಂದು ಸುತ್ತ ನೋಡಿದೆ. ಪ್ರೇಕ್ಷಕರೆಂದು ಇದ್ದವರು ಹತ್ತಿಪ್ಪತ್ತು ಮಂದಿ, ಅವರೂ ಮೂಗಿಗೆ ಬಟ್ಟೆ ಹಿಡಿದಿದ್ದರು. ಒಬ್ಬರೂ ಸೀಟಿ ಊದಲಿಲ್ಲ.

ಶರಣಪ್ಪ ಸ್ಕೋರ್ ಮೇಜಿನ ಮುಂದೆ ಕೂತಿದ್ದ. ಅವನ ಪಕ್ಕ ನನಗೊಂದು ಕುರ್ಚಿ. ನನ್ನನ್ನು ನೋಡಿ ಎದ್ದು ನಿಂತ, ಆದರೆ ಮುಖ ಅರಳಲಿಲ್ಲ.

"ಇವತ್ತರ ಅದನ್ನ ಬಂದ್ ಇಡಸ್ತೀರಿ ಅಂತ ಮಾಡಿದ್ದೆ ಬಾಯಾರ," ಎಂದ. ಏನು ಬಂದ್ ಇಡಿಸುವುದು ಎಂದು ಕೇಳುವಷ್ಟರಲ್ಲಿ ರೆಫರಿ ಸೀಟಿ ಊದಿದ.

ಮೊದಲ ಪಂದ್ಯ ರೇಣುಕಾಳ ತಂಡಕ್ಕೂ ಸಿಕಂದರಾಬಾದಿನವರಿಗೂ. ಮೊದಲರ್ಧ ಸರಿಸಮ. ರೇಣುಕಾ ಗೋಡೆಯಾಗಿ ನಿಂತಿದ್ದಳು. ಸಿಕಂದರಾಬಾದಿನವರು ಮೂರು ಸಲ ನುಗ್ಗಿದರು, ಮೂರು ಸಲವೂ ಚೆಂಡು ಅವಳ ಕಾಲಿಗೆ. ಸುಧಾಕರ್ ಸರ್ ನನ್ನ ಕಡೆ ತಿರುಗಿ ಹೆಬ್ಬೆರಳು ತೋರಿಸಿದರು. ಅವಳ ಹೆಸರು ಪಟ್ಟಿಗೆ ಬಿತ್ತು ಎಂದು ನನಗೆ ಗೊತ್ತಾಯಿತು. ಹಾಫ್‌ಟೈಮಿಗೆ ಅವಳು ನೀರು ಕುಡಿಯಲು ಬಂದಾಗ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

"ಸಾಕವ್ವಾ, ಕುಂದರು," ಎಂದ ಶರಣಪ್ಪ.

"ಇನ್ನ ಮುಕ್ಕಾಲು ತಾಸಪ್ಪಾ. ಇಷ್ಟ ದಿನ ತಡದೀನಿ, ಮುಕ್ಕಾಲು ತಾಸು ತಡೀಲಿಕ್ಕಿಲ್ಲೇನು?" ಎಂದು ನನ್ನ ಕಡೆ ನೋಡಿ ನಕ್ಕಳು. ನಾನು ಏನು ಮಾಡಿದೆ ಎಂದು ಕೇಳಿ. ಚಪ್ಪಾಳೆ ತಟ್ಟಿದೆ.

ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಸಿಕಂದರಾಬಾದಿನ ಗೋಲ್‌ಕೀಪರ್ ಕಂಬ ಹಿಡಿದುಕೊಂಡು ವಾಂತಿ ಮಾಡಿಕೊಂಡಳು. ಇನ್ನೊಬ್ಬಳು ಕೂತುಬಿಟ್ಟಳು. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು. ಆಗ ಪಕ್ಕದಲ್ಲಿ ಪೆನ್ಸಿಲಿನ ಸದ್ದು ಕೇಳಿಸಿತು. ಶರಣಪ್ಪ ಷರಾ ಕಾಲಮ್ಮಿನಲ್ಲಿ ನಿಧಾನವಾಗಿ, ಒತ್ತಿ ಬರೆಯುತ್ತಿದ್ದ. ಹವಾ.

"ಶರಣಪ್ಪ," ಎಂದೆ. "ಹವಾ ಅಂದ್ರ ಏನು?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಹವಾ ಅಂದ್ರ ಹವಾನ್ರೀ ಬಾಯಾರ. ನಾವು ಉಸರಾಡೋ ಹವಾ."

ಅಷ್ಟರಲ್ಲಿ ಮೈದಾನದಿಂದ ಕೂಗು ಎದ್ದಿತು. ರೇಣುಕಾ ಚೆಂಡಿನ ಹಿಂದೆ ಓಡಿದವಳು ಪೆನಾಲ್ಟಿ ಬಾಕ್ಸಿನ ಗೆರೆಯ ಮೇಲೆ ಮೊಣಕಾಲೂರಿದ್ದಳು. ಯಾರೂ ಅವಳನ್ನು ಮುಟ್ಟಿರಲಿಲ್ಲ. ಅಪ್ಪ ಎಳೆದ ಸುಣ್ಣದ ಗೆರೆಯನ್ನು ಎರಡೂ ಕೈಯಲ್ಲಿ ಕೆರೆಯುತ್ತ, ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿದಳು. ಆಮೇಲೆ ಮಗ್ಗುಲಿಗೆ ವಾಲಿದಳು. ಶರಣಪ್ಪನ ಕೈಯಿಂದ ರಿಜಿಸ್ಟರ್ ಬಿತ್ತು. ಅವನು ಓಡಿದ.

ಆಸ್ಪತ್ರೆಯಲ್ಲಿ ಮೂರನೆಯ ದಿನ ಡಾಕ್ಟರು ಹೇಳಿದರು, ಜೀವಕ್ಕೆ ಅಪಾಯವಿಲ್ಲ, ಆದರೆ ಇದು ಒಂದು ದಿನದಲ್ಲಿ ಆದದ್ದಲ್ಲ, ಶ್ವಾಸಕೋಶ ವರ್ಷಗಳಿಂದ ಕೆಡುತ್ತ ಬಂದಿದೆ, ಇನ್ನು ಓಡುವಂತಿಲ್ಲ. ಬೇರೆಯವರ ಮೈದಾನದಲ್ಲೂ ಅವಳ ತಂಡ ಯಾಕೆ ಕುಸಿಯುತ್ತಿತ್ತು ಎಂಬುದಕ್ಕೆ ಉತ್ತರ ಸಿಕ್ಕಿತು. ನಾನು ಶೇಷ ಎಂದು ಮುಚ್ಚಿಟ್ಟದ್ದು ಅವಳ ಎದೆಯೊಳಗಿತ್ತು. ವರಾಂಡದ ಬೆಂಚಿನ ಮೇಲೆ ಶರಣಪ್ಪನ ಪಕ್ಕ ಕೂತು ನಾನು ಎಲ್ಲ ಹೇಳಿಕೊಂಡೆ, ಆ ಪದವನ್ನು ನಾನು ಏನೆಂದು ಓದಿದೆ ಎಂಬುದನ್ನೂ. ಅವನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ನಾ ಬರದಿದ್ದೆ ಅಲ್ರೀ ಬಾಯಾರ," ಎಂದ. ಮತ್ತೆ ಅಂದ, "ಸ್ವಚ್ಛ ಕನ್ನಡದಾಗ ಬರದಿದ್ದೆ."

ಅದೇ ವಾರ ಹೊಸ ರಿಪೋರ್ಟು ಬರೆದೆ. ಗೋಲು, ಹಾಫ್‌ಟೈಮು, ಗಾಳಿಯ ದಿಕ್ಕು, ಎಲ್ಲ ಪಕ್ಕಪಕ್ಕ ಇಟ್ಟೆ. ಆ ಮೈದಾನದಲ್ಲಿ ಇನ್ನು ಆಟ ಬೇಡ, ಗೋಡೆಯಾಚೆ ಏನು ನಡೆಯುತ್ತಿದೆ ಎಂದು ಮಾಲಿನ್ಯ ತಪಾಸಣೆಯವರಿಗೆ ಬರೆಯಿರಿ ಎಂದೆ. ಸುಧಾಕರ್ ಸರ್ ಕೆಟ್ಟವರಲ್ಲ. ಓದಿದರು, ಮುಖ ಸಪ್ಪಗಾಯಿತು. ಆಮೇಲೆ ಡೈರಿ ತೆಗೆದರು.

"ಮೇಡಂ, ಹುಡುಗಿಗೆ ಮೊದಲೇ ಕಾಯಿಲೆ ಇತ್ತಂತೆ. ಮತ್ತೆ ಇದು, ಕಿತ್ನೇ ಮ್ಯಾಚ್? ಅದೇ ಆರು, ಇದೊಂದು ಸೇರಿ ಏಳು. ಆಪೀಚ್ ಬೋಲೆ ಥೇ ನಾ, ಸ್ಯಾಂಪಲ್ ಛೋಟಾ ಹೈ ತೋ ಭರೋಸಾ ನಕ್ಕೋ?"

ನೀವೇ ಹೇಳಿದ್ದಿರಲ್ಲ, ಸ್ಯಾಂಪಲ್ ಸಣ್ಣದಿದ್ದರೆ ನಂಬಬೇಡಿ ಎಂದು. ನನ್ನ ಮಾತು, ನನ್ನ ಎದುರಿಗೆ. ಮೈದಾನವನ್ನು ಹೊಗಳಲು ಅದೇ ಆರು ಪಂದ್ಯ ಸಾಕಾಗಿದ್ದವು ಎಂದು ಕೂಗಿದೆ. ಅವರು ತಲೆ ತಗ್ಗಿಸಿ ಡೈರಿ ಮುಚ್ಚಿದರು. ನಾನೂ ಎಷ್ಟು ದಿನ ಕೂಗಿಯೇನು? ಪರೀಕ್ಷೆ ಬಂತು, ಪೇಪರ್ ತಿದ್ದುವುದು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಸುಮ್ಮನಾದೆ. ಏಳು ಪಂದ್ಯ ಸಾಲೋದಿಲ್ಲ ಅಂದರು ಎಂದು ಶರಣಪ್ಪನಿಗೆ ಫೋನಿನಲ್ಲಿ ಹೇಳಿ, ಅವನ ಮನೆಯ ಕಡೆ ಹೋಗುವುದನ್ನೂ ಬಿಟ್ಟೆ.

ನುಮಾಯಿಷ್‌ನಿಂದ ಬಂದ ಮರುದಿನ ಬೆಳಗ್ಗೆ ಆ ಹಳೆಯ ನಂಬರಿಗೆ ಫೋನು ಮಾಡಿದೆ. ಅದೇ ದನಿ ಎತ್ತಿಕೊಂಡಿತು. ಕ್ಷಮೆ ಕೇಳಬೇಕೆಂದು ಹೊರಟವಳು ಹವಾ ಹೇಗಿದೆ ಎಂದು ಕೇಳಿಬಿಟ್ಟೆ.

"ಅದ ಹವಾ ಐತ್ರಿ. ನೀವು ಕೇಳ್ತೀರಿ ಅಂತ ಗೊತ್ತಿತ್ತು," ಎಂದ ಶರಣಪ್ಪ. "ನಾಳೆ ಬರ್ತೀವಿ."

ನನ್ನ ಕೋಣೆ ಕಾಲೇಜಿನ ಎರಡನೇ ಮಹಡಿಯಲ್ಲಿದೆ. ಮರುದಿನ ಅವನೊಬ್ಬನೇ ಮೊದಲು ಕಾಣಿಸಿಕೊಂಡ, ಪೂರ್ತಿ ನರೆತಿದ್ದ, ಕೈಯಲ್ಲಿ ಭಾರವಾದ ಗೋಣಿಚೀಲ. ಬಾ ಕೂತುಕೋ ಎಂದರೆ ಕೂರದೆ ಬಾಗಿಲಲ್ಲೇ ನಿಂತು ಮೆಟ್ಟಿಲ ಕಡೆ ಕಿವಿಯಿಟ್ಟ. ಕೆಳಗೆ ಎಲ್ಲೋ ಯಾರೋ ನಾಲ್ಕು ಮೆಟ್ಟಿಲು ಹತ್ತಿ ನಿಲ್ಲುತ್ತಿದ್ದರು, ಮತ್ತೆ ನಾಲ್ಕು ಹತ್ತುತ್ತಿದ್ದರು. ಆ ಸದ್ದು ನಮ್ಮವರೆಗೆ ಬರಲು ಬಹಳ ಹೊತ್ತು ಹಿಡಿಯಿತು.

ರೇಣುಕಾ ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಶರಣಪ್ಪ ಚೀಲ ಬಿಚ್ಚಿ ರಿಜಿಸ್ಟರುಗಳನ್ನು ನನ್ನ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟ, ಏಳು ವರ್ಷದವು. ಆಟ ಅಲ್ಲಿ ನಿಂತೇ ಇರಲಿಲ್ಲ. ಮೊದಲನೆಯದರಲ್ಲಿ ಅವನ ಸೊಟ್ಟ ಅಕ್ಷರ, ಆಮೇಲಿನವುಗಳಲ್ಲಿ ಮಗಳ ದುಂಡು ಅಕ್ಷರ. ಓಡಲಾಗದವಳು ಅಪ್ಪನ ಮೇಜಿಗೆ ಕೂತಿದ್ದಳು. ಪುಟ ತಿರುವಿದೆ. ಷರಾ ಕಾಲಮ್ಮು ಖಾಲಿ ಇದ್ದ ಸಾಲುಗಳು ಕಡಿಮೆ. ಹವಾ ಎಂಬ ಪದ ಎಲ್ಲೂ ಇರಲಿಲ್ಲ. ಯಾರೂ ತಪ್ಪಾಗಿ ಓದದ ಹಾಗೆ ಬರೆದಿದ್ದಳು: ಉಸಿರು ಕಟ್ಟಿತು, ಇಬ್ಬರಿಗೆ. ಉಸಿರು ಕಟ್ಟಿತು, ಒಬ್ಬಳಿಗೆ. ವಾಂತಿ, ಮೂವರಿಗೆ. ಉಸಿರು ಕಟ್ಟಿತು.

ಅವಳಿನ್ನೂ ದಮ್ಮು ತಿರುಗಿಸಿಕೊಳ್ಳುತ್ತಿದ್ದಳು. ನೀರು ಕೊಟ್ಟೆ, ಕುಡಿಯಲಿಲ್ಲ. ಆ ರಿಜಿಸ್ಟರುಗಳನ್ನೇ ನೋಡುತ್ತಿದ್ದಳು. ಕೊನೆಗೆ, ಒಂದೊಂದು ಪದಕ್ಕೆ ಒಂದೊಂದು ಸಲ ನಿಂತು, ಕೇಳಿದಳು:

"ಮೇಡಂ... ಇಷ್ಟು... ಸಾಕಾಗ್ತಾವೇನ್ರಿ?"